ಗೋಡೆಯಾಚೆಯ ಗಾಜಿನ ಹೆಂಚು

ನನ್ನ ಮತ್ತು ನನ್ನ ತಂಗಿಯ ಮದುವೆ ಒಂದೇ ಹಂದರದಲ್ಲಿ ಆಯಿತು. ಹರಪನಹಳ್ಳಿ ಹತ್ತಿರದ ನಮ್ಮ ಹಳ್ಳಿಯಿಂದ ಇಬ್ಬರನ್ನೂ ಕೊಟ್ಟೂರಿನ ಒಂದೇ ಮನೆಗೆ, ಅಣ್ಣತಮ್ಮಂದಿರಿಗೆ ಕೊಟ್ಟರು. ನನ್ನ ಗಂಡ ಶೇಂಗಾ ಗಿರಣಿಯಲ್ಲಿ ತೂಕ ಮಾಡುತ್ತಿದ್ದ. ತಂಗಿಯ ಗಂಡ ಲಾರಿ ಡ್ರೈವರು. ಮದುವೆಗೆ ಮುಂಚೆ ನಾವಿಬ್ಬರೂ ಹರಪನಹಳ್ಳಿಯಲ್ಲಿ ಒಬ್ಬ ಹೆಂಗಸಿನ ಹತ್ತಿರ ಹೊಲಿಗೆ ಕಲಿತಿದ್ದೆವು. ಕತ್ತರಿ ಹಿಡಿಯುವುದನ್ನು ಅವಳಿಗೆ ಹೇಳಿಕೊಟ್ಟವಳು ನಾನು. ಇದನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ಆಗಿನ ದಿನಗಳಲ್ಲಿ ನಾನು ಇದನ್ನು ದಿನಕ್ಕೆ ಹತ್ತು ಸಲ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಅತ್ತೆ ತೀರಿಕೊಂಡ ಮರುವರ್ಷ ಮನೆ ಪಾಲಾಯಿತು. ಜಗಳವೇನೂ ಇರಲಿಲ್ಲ. ಹಿರಿಯ ಮಗನೇ ಮೊದಲು ಆರಿಸಿಕೊಳ್ಳಲಿ ಎಂದರು. ನಾನು ಗಂಡನ ಕಿವಿಯಲ್ಲಿ, "ಮುಂದಿನ ಪಾಲು ತಗೋ," ಎಂದೆ. ಮುಂದಿನ ಪಾಲಿಗೆ ಬೀದಿ ಬಾಗಿಲು ಇತ್ತು, ಕಟ್ಟೆ ಇತ್ತು, ದೊಡ್ಡ ಪಡಸಾಲೆ ಇತ್ತು. ಹಿಂದಿನ ಪಾಲಿಗೆ ಹೋಗಬೇಕೆಂದರೆ ಓಣಿ ಸುತ್ತಿ ಬರಬೇಕು. ಬಂದವರಿಗೆ ಮೊದಲು ಕಾಣುವುದು ನನ್ನ ಮನೆ ಎಂದು ನನಗೆ ಹಿಗ್ಗು. ಪಾಲು ಆರಿಸುವಾಗ ಬೆಳಕನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ನಮ್ಮ ಎದುರಿಗೆ ಶೇಂಗಾ ಗೋದಾಮು ಎರಡಾಳೆತ್ತರಕ್ಕೆ ನಿಂತಿತ್ತು. ಬೀದಿ ಬಾಗಿಲು ತೆರೆದರೂ ಪಡಸಾಲೆಯ ಅರ್ಧಕ್ಕೆ ಬೆಳಕು ಸಾಯುತ್ತಿತ್ತು. ಕರೆಂಟು ಇತ್ತು ಎನ್ನುವ ಹೆಸರಿಗೆ ಒಂದು ಬಲ್ಬು, ಅದೂ ಹಗಲು ಹೊತ್ತು ಮಿಣುಕುವುದು.

ಮೊದಲೆರಡು ವರ್ಷ ಇಬ್ಬರದೂ ಒಂದೇ ಕತೆ. ನಾನು ಬೀದಿ ಬಾಗಿಲಲ್ಲಿ ಮಷಿನ್ ಇಟ್ಟುಕೊಂಡು ಹೊಲಿಯುತ್ತಿದ್ದೆ, ಅವಳು ಹಿತ್ತಲ ಬಾಗಿಲಲ್ಲಿ. ಗಾಳಿ ಬಿಟ್ಟರೆ ಕೆಂಪು ಧೂಳು ಬಂದು ಬಟ್ಟೆಯ ಮೇಲೆ ಕೂರುವುದು. ಗಂಡಸರು ಹಾದುಹೋದರೆ ಸೆರಗು ಎಳೆದುಕೊಂಡು ಮಷಿನ್ ಒಳಗೆ ದಬ್ಬಬೇಕು. ದಾರ ಹೊಂದಿಸುವಾಗ ಕಟ್ಟೆ ಇಳಿದು ಬೀದಿಯ ಬಿಸಿಲಿಗೆ ಹಿಡಿದು ನೋಡಿ ಬರುತ್ತಿದ್ದೆ. ಕಷ್ಟ ಇಬ್ಬರಿಗೂ ಸಮನಾಗಿತ್ತು, ಹಾಗಾಗಿ ನನಗೆ ಅದು ಕಷ್ಟ ಅನ್ನಿಸಿರಲಿಲ್ಲ.

ಒಂದು ಮಧ್ಯಾಹ್ನ ನಮ್ಮ ಮೈದುನ ಮಂಗಳೂರು ಕಡೆಯಿಂದ ಹೆಂಚಿನ ಲೋಡು ಹಾಕಿಕೊಂಡು ಬಂದ. ಮನೆಗೆ ಬಂದವನು ತನ್ನ ಕಂಬಳಿಯಲ್ಲಿ ಸುತ್ತಿದ ಏನನ್ನೋ ಎರಡೂ ಕೈಯಲ್ಲಿ ಹಸುಗೂಸಿನ ಹಾಗೆ ಹಿಡಿದು ಓಣಿಯೊಳಗೆ ಹೋದದ್ದನ್ನು ನಾನು ಕಂಡೆ. ಸ್ವಲ್ಪ ಹೊತ್ತಿಗೆ ಅವನು ಸೂರಿನ ಮೇಲೆ ಓಡಾಡುವ ಸದ್ದು. ಪಾಲಾದಾಗ ಎದ್ದ ನಡುಗೋಡೆ ಆಳೆತ್ತರಕ್ಕೆ ನಿಂತಿತ್ತು, ಅದರ ಮೇಲೆ ತೊಲೆಯ ತನಕ ತೆರಪು. ಆ ತೆರಪಿನಲ್ಲಿ ಇದ್ದಕ್ಕಿದ್ದಂತೆ ಬೆಳಕು ಬಿತ್ತು. ನನ್ನ ಮನೆಯ ತೊಲೆಗಳ ಒಂದು ಮಗ್ಗುಲು, ಜೇಡರ ಬಲೆಯ ಸಮೇತ, ಹೊಳೆಯತೊಡಗಿತು.

"ಏನದು?" ಎಂದು ಕೂಗಿದೆ.

"ಗಾಜಿನ ಹೆಂಚು ತಂದಾರ ಅಕ್ಕ! ಬಾ, ನೋಡು ಬಾ," ಎಂದು ತಂಗಿ ಆಚೆಯಿಂದ ಕೂಗಿದಳು. ಅವಳ ದನಿಯಲ್ಲಿ ನಗು ತುಳುಕುತ್ತಿತ್ತು.

ಹೋಗಿ ನೋಡಿದೆ. ಮಂಗಳೂರು ಹೆಂಚಿನ ಅಳತೆಯದೇ, ಅದೇ ಏರು, ಅದೇ ತಗ್ಗು, ಆದರೆ ಗಾಜಿನದು. ಅದರಿಂದ ಇಳಿದ ಬೆಳಕು ನೆಲದ ಮೇಲೆ ಒಂದು ಚಾಪೆಯಷ್ಟು ಅಗಲ ಬಿದ್ದಿತ್ತು. ತಂಗಿ ಆಗಲೇ ಮಷಿನ್ ಅದರೊಳಗೆ ಎಳೆದುಕೊಂಡಿದ್ದಳು. ಮೈದುನ ಏಣಿ ಇಳಿಯುತ್ತಾ, "ಕಣ್ಣು ಕೆಡಿಸ್ಕೊಂತಿದ್ಲು, ಅದಕ್ಕ ತಂದೆ ವೈನಿ," ಎಂದ. ಅವಳು ಕೇಳಿಯೂ ಇರಲಿಲ್ಲವಂತೆ. ಕೇಳದೆಯೇ ತಂದಿದ್ದಾನೆ.

ನನಗೆ ಹೆಂಚಿಗಿಂತ ಹೆಚ್ಚು ಉರಿದದ್ದು ಅದು. ಸಂಜೆ ಗಂಡ ಬಂದಾಗ ಹೇಳಿದೆ. ಅವನು ಕೈಕಾಲು ತೊಳೆಯುತ್ತಾ, "ಚಲೋ ಆತು ಬಿಡು, ನಮ್ಮನಿಗೂ ಒಂಚೂರು ಬೆಳಕು ಬಂತು," ಎಂದ. ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು. ಆ ದಿನ ಅವನಿಗೆ ರೊಟ್ಟಿ ಬಡಿಯುವಾಗ ಬೇಕಂತಲೇ ಜೋರಾಗಿ ಬಡಿದೆ.

ಅಲ್ಲಿಂದ ಮುಂದೆ ಹೊಲಿಸುವವರು ಒಬ್ಬೊಬ್ಬರೇ ನನ್ನ ಕಟ್ಟೆ ದಾಟಿ ಓಣಿಗೆ ತಿರುಗಿದರು. ಅವರು ಕೆಟ್ಟವರಲ್ಲ. "ನಿನ್ನ ತಂಗಿ ಬಣ್ಣ ಭಾಳ ಛಂದ ಹೊಂದಿಸ್ತಾಳವ್ವ, ದಾರ ಯಾವುದು ಬಟ್ಟಿ ಯಾವುದು ಗೊತ್ತ ಆಗಂಗಿಲ್ಲ," ಎಂದು ನನಗೇ ಹೇಳಿ ಹೋಗುತ್ತಿದ್ದರು. ಅವಳ ಮಷಿನ್ ಸದ್ದು ಬೆಳಿಗ್ಗೆ ಶುರುವಾದರೆ ಮಧ್ಯಾಹ್ನದ ತನಕ ನಿಲ್ಲುತ್ತಿರಲಿಲ್ಲ. ಬೆಳಕು ಸರಿದಂತೆ ಅವಳು ಮಷಿನ್ ಸರಿಸುತ್ತಿದ್ದಳು, ಅದರ ಕಾಲು ನೆಲಕ್ಕೆ ಕೆರೆಯುವ ಸದ್ದಿನಿಂದಲೇ ನನಗೆ ಹೊತ್ತು ಎಷ್ಟಾಯಿತು ಎಂದು ತಿಳಿಯುತ್ತಿತ್ತು. ನಾನು ಮಾತ್ರ ಹಳೆಯ ಲಂಗ, ಹರಿದ ಚೀಲ, ದಿಂಬಿನ ಗೌಸು ಹೊಲಿಯುತ್ತಾ ಕೂತೆ. ಕತ್ತರಿ ಹಿಡಿಯುವುದನ್ನು ಕಲಿಸಿದವಳು ನಾನು, ಹೆಸರು ಅವಳದು, ಅದಕ್ಕೆಲ್ಲ ಕಾರಣ ಆ ಒಂದು ಹೆಂಚು. ಹಾಗೆಂದು ನಾನು ಖಂಡಿತ ಮಾಡಿಕೊಂಡೆ. ಅವಳು ನನಗಿಂತ ಚೆನ್ನಾಗಿ ಹೊಲಿಯುತ್ತಿರಬಹುದು ಎನ್ನುವುದು ನನ್ನ ತಲೆಗೆ ಬಂದರೂ ಅದನ್ನು ಒಳಗೆ ಬಿಡಲಿಲ್ಲ.

ನನಗೂ ಗಾಜಿನ ಹೆಂಚು ಬೇಕು. ಅವಳದಕ್ಕಿಂತ ದಪ್ಪನೆಯದು, ಅವಳದಕ್ಕಿಂತ ಚೆಂದದ್ದು. ಮೈದುನನಿಗೆ ಹೇಳಿದ್ದರೆ ಮುಂದಿನ ಟ್ರಿಪ್ಪಿನಲ್ಲಿ ತಂದುಕೊಡುತ್ತಿದ್ದ. ಅದೇ ನನಗೆ ಬೇಡವಾಗಿತ್ತು. ಗಂಡನಿಗೆ ಹದಿನೈದು ದಿನ ಹೇಳಿದೆ. ಕೊನೆಗೆ ಅವನು, "ನೀನ ಹೋಗಿ ತಗೊಂಬಾ, ನನಗ ಅದ್ರ ಒಳಗು ಹೊರಗು ತಿಳಿಯಂಗಿಲ್ಲ," ಎಂದ. ನಮ್ಮ ಪಕ್ಕದ ಊರು ಬೊಮ್ಮನಹಳ್ಳಿಯಲ್ಲಿ ಹೆಂಚಿನ ಅಂಗಡಿ ಇದೆ ಎಂದು ಗಿರಣಿಯಲ್ಲಿ ಯಾರೋ ಹೇಳಿದ್ದರು. ತಂಗಿಗೆ ನಮ್ಮ ಕಡೆಯವರೊಬ್ಬರನ್ನು ಮಾತಾಡಿಸಲು ಹೋಗುತ್ತೇನೆ ಎಂದು ಹೇಳಿ, ಬೆಳಗಿನ ರೈಲು ಹತ್ತಿದೆ. ಚೀಲದಲ್ಲಿ ಹೆಂಚು ಸುತ್ತಿ ತರಲು ಎರಡು ಹಳೆಯ ಸೀರೆ.

ಅಂಗಡಿಯವನು ವಯಸ್ಸಾದವನು, ಕೋಗಳಿ ಕಡೆಯವನಂತೆ, ಮೆತ್ತಗೆ ಮಾತಾಡುತ್ತಿದ್ದ. ಹುಲ್ಲಿನ ಮಧ್ಯದಿಂದ ಮೂರು ಗಾಜಿನ ಹೆಂಚು ತೆಗೆದು ಗೋಡೆಗೆ ಒರಗಿಸಿದ. ಮೂರೂ ಗಾಜೇ, ಆದರೆ ಮೂರೂ ಒಂದೇ ಥರ ಇರಲಿಲ್ಲ. ಒಂದು ಸ್ವಲ್ಪ ತೆಳ್ಳಗೆ, ಒಳಗೆ ಗುಳ್ಳೆಗಳು, ಬಣ್ಣ ಎನ್ನುವಂಥದ್ದೇನಿಲ್ಲ. ಇನ್ನೊಂದು ಹಳೆಯ ಬೆಲ್ಲದ ನೀರಿನ ಹಾಗೆ ಚೂರು ಹಳದಿ. ಮೂರನೆಯದು ದಪ್ಪ, ನುಣುಪು, ಕೆರೆಯ ಆಳದ ನೀರಿನ ಹಾಗೆ ಹಸಿರು ಹೊಡೆಯುತ್ತಿತ್ತು. ನೋಡಿದ ಕೂಡಲೇ ನನ್ನ ಮನಸ್ಸು ಅದರ ಮೇಲೆ ಕೂತಿತು.

"ಮುಖ ನೋಡಿ ತಗೋಬ್ಯಾಡ್ರವ್ವ," ಎಂದ ಮುದುಕ. "ಗಾಜಿನ ಬಣ್ಣ ಅಂಚಿನಾಗ ಇರ್ತೈತಿ. ಹಿಂಗ ನಿಲ್ಲಿಸಿ ಅಂಚು ನೋಡ್ರಿ. ಎಲ್ಲಿಗೆ ಹಾಕ್ತೀರಿ ಇದನ್ನ?"

ಹೊಲಿಗೆಗೆ ಎನ್ನಬೇಕಿತ್ತು. ಬಾಯಿಗೆ ಬಂದಿತ್ತು. ಆದರೆ ಹೆಂಚಿನ ಅಂಗಡಿಯವನಿಗೆ ಲಾರಿಯವರೆಲ್ಲ ಪರಿಚಯವಿರುತ್ತಾರೆ. ಕೊಟ್ಟೂರಿನ ಹೊಲಿಯುವ ಹೆಂಗಸು ಬಂದಿದ್ದಳು ಎಂದು ಮೈದುನನ ಕಿವಿಗೆ ಬಿದ್ದು, ಅಕ್ಕ ನನ್ನನ್ನು ನೋಡಿ ಮಾಡಿದಳು ಎಂದು ತಂಗಿ ಅಂದುಕೊಂಡರೆ?

"ಅಡಿಗಿ ಮನಿಗೆ," ಎಂದೆ.

"ಅಡಿಗಿ ಮನಿಗಾದ್ರ ಹಸಿರು ಚಲೋನ. ಕಣ್ಣಿಗೆ ತಂಪು. ಬ್ಯಾಸಿಗ್ಯಾಗ ಝಳ ಕಡಿಮಿ ಕಾಣ್ತೈತಿ," ಎಂದು ಅವನು ಅದನ್ನೇ ಹುಲ್ಲಿನಲ್ಲಿ ಸುತ್ತಿಕೊಟ್ಟ. ಅಂಚನ್ನು ನಾನು ನೋಡಲೇ ಇಲ್ಲ.

ರೈಲಿನಲ್ಲಿ ಹೆಂಚನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಮರುದಿನ ಭಾನುವಾರ, ಗಂಡ ಏಣಿ ಹತ್ತಿ ಒಂದು ಮಣ್ಣಿನ ಹೆಂಚು ತೆಗೆದು ಇದನ್ನು ಕೂರಿಸಿದ. ಪಡಸಾಲೆಯ ನಡುವೆ ಬೆಳಕು ಇಳಿಯಿತು. ಅದಕ್ಕೆ ತಿಳಿಹಸಿರಿನ ಒಂದು ಛಾಯೆ ಇತ್ತು, ಬೇವಿನ ಮರದ ಕೆಳಗೆ ಕೂತ ಹಾಗೆ. ನಾನು ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದೆ. ಎಲ್ಲರೂ ತಂಪಾಗಿದೆ ಎಂದರು. ತಂಗಿ ಬಂದಳು. ಆಗ ಅವಳು ಬಸುರಿ. ಬೆಳಕಿನೊಳಗೆ ತನ್ನ ಅಂಗೈ ಒಡ್ಡಿ, ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಛಂದ ಐತಿ ಅಕ್ಕ. ಆದ್ರ ಒಂದು ಬಿಳಿ ಅರಿವಿ ಹಾಸಿ ನೋಡಿದ್ಯೇನು?"

"ಯಾಕ?"

"ಸುಮ್ನ. ಬಣ್ಣ ಹೆಂಗ ಕಾಣ್ತಾವ ಅಂತ."

"ಕಾಣ್ತಾವ, ಎಲ್ಲಾ ಕಾಣ್ತಾವ," ಎಂದೆ. ಅವಳು ಅಂಗೈ ಹಿಂದಕ್ಕೆ ಎಳೆದುಕೊಂಡಳು. ಅವಳಿಗೂ ಈಗ ನನ್ನ ಮೇಲೆ ಹೊಟ್ಟೆಕಿಚ್ಚಾಗಿದೆ ಎಂದು ತಿಳಿದು ನನಗೆ ಎಷ್ಟು ಹಿತವಾಯಿತು ಎಂದರೆ, ಅವಳು ಹೋದ ಮೇಲೆ ಒಬ್ಬಳೇ ನಕ್ಕೆ.

ಅದಾಗಿ ಎರಡು ತಿಂಗಳಿಗೆ ನಮ್ಮ ಬೀದಿಯ ಟೀಚರಮ್ಮನ ಮಗಳ ಮದುವೆ ಹಡಗಲಿಯಲ್ಲಿ ಗೊತ್ತಾಯಿತು. ಒಂಬತ್ತು ಕುಪ್ಪಸ ಹೊಲಿಸಬೇಕಿತ್ತು. ಟೀಚರಮ್ಮ ನೆಟ್ಟಗೆ ಓಣಿಗೆ ತಿರುಗಿ ತಂಗಿಯ ಮನೆಗೆ ಹೋದದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಗೋಡೆಯ ಮೇಲಿನ ತೆರಪಿನಿಂದ ಮಾತೆಲ್ಲ ಕೇಳಿಸಿತು. "ನನಗ ಎಂಟು ತಿಂಗಳ್ರಿ, ಮಷಿನ್ ತುಳಿಯಾಕ ಆಗಂಗಿಲ್ಲ," ಎಂದಳು ತಂಗಿ. "ನಮ್ಮಕ್ಕಗ ಕೊಡ್ರಿ. ನನಗ ಕಲಿಸಿದಾಕಿನ ಅಕಿ."

ಐದು ನಿಮಿಷಕ್ಕೆ ಟೀಚರಮ್ಮ ಗಂಟು ಹೊತ್ತು ನನ್ನ ಮನೆಗೆ ಬಂದರು. ಆ ಕೆಲಸ ನನಗೆ ಬೇಕಾಗಿತ್ತು, ಆದರೆ ಅವಳು ಬಿಟ್ಟುಕೊಟ್ಟದ್ದು ಎಂದು ನುಂಗಲಾಗಲಿಲ್ಲ. ಹೇಗೆ ಹೊಲಿಯಬೇಕೆಂದರೆ, ಇನ್ನು ಮೇಲೆ ಓಣಿಗೆ ಯಾರೂ ತಿರುಗಬಾರದು ಎಂದುಕೊಂಡೆ.

ಎಂಟು ಕುಪ್ಪಸಕ್ಕೆ ಬಟ್ಟೆ ಅವರೇ ತಂದಿದ್ದರು. ಧಾರೆಯ ಸೀರೆಗೆ ಮಾತ್ರ ನಾನೇ ಬಟ್ಟೆ ಹೊಂದಿಸಬೇಕಿತ್ತು. ಕೆನೆ ಬಣ್ಣದ ರೇಷ್ಮೆ ಅದು, ಕೆಂಪು ಅಂಚು. ಬಟ್ಟೆ ಅಂಗಡಿಯವರು ಗುರುತಿನವರು, ಟೂ ಬೈ ಟೂ ರೂಬಿಯಾ ಎನ್ನುವ ಕುಪ್ಪಸದ ಹತ್ತಿಬಟ್ಟೆಯ ನಾಲ್ಕು ತುಂಡು ಕೊಟ್ಟು, ಮನೆಯಲ್ಲಿ ನೋಡಿ ಬೇಡವಾದದ್ದು ವಾಪಸು ಕೊಡು ಎಂದರು. ನಾಲ್ಕೂ ಬಿಳಿಯ ಅಕ್ಕತಂಗಿಯರ ಥರದ ಬಣ್ಣ, ಒಂದಕ್ಕೊಂದು ಕೂದಲೆಳೆಯಷ್ಟು ವ್ಯತ್ಯಾಸ. ಹೆಂಚಿನ ಕೆಳಗೆ ಸೀರೆ ಹಾಸಿ ಒಂದೊಂದೇ ತುಂಡು ಇಟ್ಟು ನೋಡಿದೆ. ಮೂರನೆಯದು ಸೀರೆಯೊಳಗೆ ಕರಗಿಯೇ ಹೋಯಿತು. ಅಂಚು ಎಲ್ಲಿದೆ ಎಂದು ಬೆರಳಲ್ಲಿ ತಡವಿ ಹುಡುಕಬೇಕಾಯಿತು. ಹಿಂದೆ ಆಗಿದ್ದರೆ ಕಟ್ಟೆ ಇಳಿದು ಬಿಸಿಲಿಗೆ ಹಿಡಿದು ನೋಡಿ ಬರುತ್ತಿದ್ದೆ. ಈಗ ಗಾಜಿನ ಹೆಂಚು ಇರುವವಳು ಬೀದಿಗೆ ಯಾಕೆ ಇಳಿಯಬೇಕು? ಕತ್ತರಿ ಹಾಕಿಬಿಟ್ಟೆ.

ಮದುವೆಗೆ ಮೂರು ದಿನ ಇರುವಾಗ ಟೀಚರಮ್ಮ ಬಂದರು. ಎಂಟು ಕುಪ್ಪಸ ನೋಡಿ ತಲೆದೂಗಿದರು. ಒಂಬತ್ತನೆಯದನ್ನು ಸೀರೆಯ ಜೊತೆ ಕೈಯಲ್ಲಿ ಹಿಡಿದು ಬಾಗಿಲ ಕಡೆ ನಡೆದವರು ಹೊಸ್ತಿಲಲ್ಲಿ ನಿಂತರು.

"ಇದು ಬ್ಯಾರೆ ಬಣ್ಣ ಆಗೈತಲ್ಲಮ್ಮ."

"ಇಲ್ರಿ, ಒಂದ ಐತಿ. ಇಲ್ಲಿ ಬರ್ರಿ, ನೋಡ್ರಿ," ಎಂದು ಅವರನ್ನು ಹೆಂಚಿನ ಕೆಳಗೆ ಕರೆದೆ. ಅಲ್ಲಿ ಒಂದೇ ಇತ್ತು. ಅವರು ಮತ್ತೆ ಹೊಸ್ತಿಲಿಗೆ ಹೋಗಿ ಹಿಡಿದರು. ಬಿಸಿಲಿನಲ್ಲಿ ಸೀರೆ ಕೆನೆಯಂತಿತ್ತು, ಕುಪ್ಪಸ ಗುಲಾಬಿ ಹೊಡೆಯುತ್ತಿತ್ತು, ತಿಕ್ಕಿದ ಚರ್ಮದ ಹಾಗೆ. ಎರಡು ಸಲ ಒಳಗೆ, ಎರಡು ಸಲ ಹೊರಗೆ ಹಿಡಿದು ನೋಡಿದೆ. ಒಳಗೆ ಒಂದು, ಹೊರಗೆ ಎರಡು. ಟೀಚರಮ್ಮ ಬೈಯಲಿಲ್ಲ. "ಧಾರಿ ಸೀರಿಗೆ ಹಿಂಗ ಆತಲ್ಲ," ಎಂದಷ್ಟೇ ಅಂದು ಕಟ್ಟೆಯ ಮೇಲೆ ಕೂತರು.

ಮಾತು ಗೋಡೆಯಾಚೆ ಕೇಳಿಸಿತ್ತು. ತಂಗಿ ಹೊಟ್ಟೆ ಹೊತ್ತುಕೊಂಡು ಓಣಿ ಸುತ್ತಿ ಬಂದಳು. ಕುಪ್ಪಸವನ್ನು ಬೆಳಕಿಗೆ ಹಿಡಿದು ನೋಡಿ, "ಅಕ್ಕ, ಚಾ ಪುಡಿ ಐತೇನು?" ಎಂದಳು.

ಟೀಚರಮ್ಮ ಕುಡಿಯಲು ಎಂದುಕೊಂಡು ಬೇಡ ಎಂದರು. ಅವಳು ನಕ್ಕು, ದೊಡ್ಡ ಬೋಗುಣಿಯಲ್ಲಿ ನೀರು ಕಾಯಿಸಿ ಚಿಟಿಕೆ ಚಿಟಿಕೆಯಾಗಿ ಪುಡಿ ಹಾಕಿದಳು. ಸೋಸಿ, ಮೊದಲು ಉಳಿದ ಚೂರು ಬಟ್ಟೆಯನ್ನು ಅದ್ದಿ ಒಣಗಿಸಿ ಸೀರೆಯ ಮೇಲೆ ಇಟ್ಟಳು. ಗಾಢವಾಯಿತು. ಇನ್ನಷ್ಟು ನೀರು ಬೆರೆಸಿದಳು. ಮತ್ತೊಂದು ಚೂರು. ಹೀಗೆ ನಾಲ್ಕು ಚೂರಿಗೆ ಗುಲಾಬಿ ಮುಚ್ಚಿಹೋಗಿ ಕೆನೆ ಬಂತು. ಆಮೇಲೆ ಕುಪ್ಪಸ ಅದ್ದಿದೆವು. ಕೈಯಾಡಿಸುತ್ತಿದ್ದವಳು ನಾನು, ಹೊತ್ತು ನೋಡಿ "ಸಾಕು, ತೆಗಿ" ಎಂದವಳು ಅವಳು. ನೆರಳಲ್ಲಿ ಒಣಗಿಸಿ ಇಸ್ತ್ರಿ ಮಾಡಿ, ಹೊಸ್ತಿಲಲ್ಲಿ ಸೀರೆಯ ಜೊತೆ ಹಿಡಿದರೆ ಟೀಚರಮ್ಮ ಎರಡೂ ಕೈಯಲ್ಲಿ ತಂಗಿಯ ಗಲ್ಲ ಸವರಿದರು. "ನಿನ್ನ ಕೈಯಾಗ ಏನ ಐತೋ ತಾಯಿ," ಎಂದರು.

ನನಗೆ ಕೃತಜ್ಞತೆ ಬರಬೇಕಿತ್ತು. ಬರಲಿಲ್ಲ. ಒಂಬತ್ತು ಕುಪ್ಪಸ ಹೊಲಿದ ನನ್ನ ಕೈ ಅಲ್ಲೇ ಇಸ್ತ್ರಿಪೆಟ್ಟಿಗೆ ಹಿಡಿದಿತ್ತು. ಅದರ ಕಡೆ ಯಾರೂ ನೋಡಲಿಲ್ಲ. ಅವಳು ಹಾಳು ಮಾಡಿ ನಾನು ಸರಿ ಮಾಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಯೋಚಿಸುತ್ತಾ ನಿಂತಿದ್ದೆ.

ಟೀಚರಮ್ಮ ಹೋದ ಮೇಲೆ ತಂಗಿ ನನ್ನ ಪಡಸಾಲೆಯಲ್ಲಿ ಗೋಡೆಗೊರಗಿ ಕಾಲು ಚಾಚಿ ಕೂತಳು. ಮೇಲೆ ನೋಡುತ್ತಾ, "ಮೊದ್ಲು ನಮ್ಮನಿಯವರೂ ನನಗ ಇಂಥದ್ದ ತಂದಿದ್ರು ಅಕ್ಕ," ಎಂದಳು. "ಹಾಕೂಕಿಂತ ಮುಂಚೆ ಅಂಗೈ ಹಿಡಿದು ನೋಡಿದೆ, ರೋಗ ಬಂದಂಗ ಕಾಣ್ತು. ಬ್ಯಾಡ ಅಂದೆ. ಸಿಟ್ಟಾಗಿ ಎರಡು ದಿನ ಮಾತಾಡಲಿಲ್ಲ. ಆಮ್ಯಾಲೆ ಬದಲು ಮಾಡಿ ತಂದ್ರು. ನೀನು ಕಂಬಳ್ಯಾಗ ನೋಡಿದ್ದು ಎರಡನೇದು."

"ಅವತ್ತ ಯಾಕ ಹೇಳಲಿಲ್ಲ ನನಗ?"

"ಹೇಳಿದ್ರ ನೀ ಕೇಳ್ತಿದ್ಯೇನು?"

ಕೇಳುತ್ತಿರಲಿಲ್ಲ. ಆದರೂ ಆ ಮಾತಿನಿಂದ ನನಗೆ ಒಂದು ಸಣ್ಣ ಸಮಾಧಾನ ಸಿಕ್ಕಿತು, ಇಂದಿಗೂ ಹೇಳಲು ನಾಚಿಕೆಯಾಗುವಂಥದ್ದು. ಅವಳ ಗಂಡನೂ ಮೊದಲ ಸಲಕ್ಕೇ ಸರಿಯಾದದ್ದನ್ನು ತಂದಿರಲಿಲ್ಲ. ಎರಡು ದಿನ ಮಾತೂ ಬಿಟ್ಟಿದ್ದ. ಅವತ್ತು ನಾನು ಅವಳಿಗೆ ಬಿಸಿ ರೊಟ್ಟಿ ಮಾಡಿ ತುಪ್ಪ ಹಚ್ಚಿ ಬಡಿಸಿದೆ.

ಮಗು ಹುಟ್ಟಿ ಐದು ತಿಂಗಳಾದ ಮೇಲೆ ಅವಳೂ ನಾನೂ ಕೂಡಿ ಬೇರೆ ಹೆಂಚು ತರಲು ರೈಲಿನಲ್ಲಿ ಬೊಮ್ಮನಹಳ್ಳಿಗೆ ಹೋದೆವು. ಮಗುವನ್ನು ಸರದಿಯಂತೆ ಎತ್ತಿಕೊಂಡೆವು. ಮುದುಕ ನನ್ನನ್ನು ಗುರುತು ಹಿಡಿದ.

"ಅಡಿಗಿ ಮನಿ ತಂಪಾತೇನವ್ವ?"

"ಸುಳ್ಳು ಹೇಳಿದ್ದೆ ನಾನು. ಹೊಲಿಗಿಗೆ ತಗೊಂಡಿದ್ದೆ," ಎಂದೆ. ತಂಗಿ ನನ್ನ ಮುಖ ನೋಡಿದಳು.

ಮುದುಕ ತಲೆ ಚಚ್ಚಿಕೊಂಡು ನಕ್ಕ. ಇದ್ದ ಐದು ಹೆಂಚನ್ನೂ ಹೊರಗೆ ತಂದು ಬಿಸಿಲಿನಲ್ಲಿ ಇಟ್ಟ. ಈ ಸಲ ನಾನು ಒಂದೊಂದನ್ನೂ ನಿಲ್ಲಿಸಿ ಅಂಚು ನೋಡಿದೆ. ಮುಖದಿಂದ ನೋಡಿದರೆ ನೀರಿನಂತೆ ಕಂಡದ್ದು ಅಂಚಿನಲ್ಲಿ ಬಾಟಲಿ ಹಸಿರಾಗಿತ್ತು. ಬಣ್ಣವಿಲ್ಲ ಎಂದುಕೊಂಡದ್ದರಲ್ಲಿ ನೀಲಿ ಅಡಗಿತ್ತು. "ಮರಳಿನಾಗ ಕಬ್ಬಿಣ ಇರ್ತೈತ್ರಿ," ಎಂದು ಮುದುಕ ಹೇಳಿದ. "ನಮ್ಮ ಮಣ್ಣು ಕೆಂಪು ಮಾಡೂದು ಅದ, ಗಾಜು ಹಸಿರು ಮಾಡೂದೂ ಅದ. ದಪ್ಪ ಆದಷ್ಟೂ ಬಣ್ಣ ಹೆಚ್ಚು." ದಪ್ಪನೆಯದೇ ಒಳ್ಳೆಯದು ಎಂದು ನಾನು ಆರಿಸಿಕೊಂಡದ್ದು ನೆನಪಾಗಿ ಮುಂದಿನ ಹೆಂಚಿಗೆ ಕೈ ಹಾಕಿದೆ.

ಕೊನೆಗೆ ಎರಡು ಉಳಿದವು. ತಂಗಿ ಚೂರು ನೀಲಿ ಹೊಡೆಯುವುದನ್ನು ತೋರಿಸಿದಳು, ಅವಳ ಮನೆಯದೂ ಅಂಥದ್ದೇ. ನಾನು ಮಗುವಿನ ಬಿಳಿ ಲಂಗೋಟಿ ಬಿಚ್ಚಿ ನೆಲಕ್ಕೆ ಹಾಸಿ, ಅದರ ಮೇಲೆ ಎರಡು ಹೆಂಚಿನ ನೆರಳನ್ನೂ ಬೀಳಿಸಿ ನೋಡಿದೆ. ನೀಲಿಯದರ ಕೆಳಗೆ ಲಂಗೋಟಿ ಹೊಸದಾಗಿ ಒಗೆದು ನೀಲಿ ಹಾಕಿದ ಹಾಗೆ ಕಂಡಿತು. ಚೆಂದವೇ, ಆದರೆ ಅದು ಲಂಗೋಟಿಯ ನಿಜವಾದ ಬಣ್ಣ ಅಲ್ಲ. ಗುಳ್ಳೆಗಳಿದ್ದ ತೆಳ್ಳನೆಯ ಹೆಂಚಿನ ಕೆಳಗೆ ಅದು ಹಳತಾಗಿ ಮಾಸಿದ್ದು ಹೇಗಿತ್ತೋ ಹಾಗೇ ಕಂಡಿತು.

"ಇದ ಇರಲಿ," ಎಂದೆ.

"ಗುಳ್ಳಿ ಅದಾವಲ್ಲ ಅಕ್ಕ."

"ಇರಲಿ. ಇದು ಸುಳ್ಳು ಹೇಳಂಗಿಲ್ಲ."

ಮುದುಕ ನನ್ನ ಕಡೆ ಕೈ ತೋರಿಸಿ ತಂಗಿಗೆ, "ನಿಮ್ಮಕ್ಕಗ ಕಣ್ಣು ಬಂತು ನೋಡ್ರಿ," ಎಂದ. ಅವಳು ನಕ್ಕಳು. ಅವಳು ಆರಿಸಿದ್ದು ಬಿದ್ದುಹೋಗಿ ನಾನು ಆರಿಸಿದ್ದು ನಿಂತಿತಲ್ಲ ಎಂದು ರೈಲಿನಲ್ಲಿ ಕೊಟ್ಟೂರಿನ ತನಕ ನಾನು ಒಳಗೊಳಗೇ ಬೀಗಿದೆ. ಹಸಿರು ಹೆಂಚು ಮುಂದೆ ನಿಜವಾಗಿಯೂ ಅಡುಗೆಮನೆಗೆ ಹೋಯಿತು. ಅದರ ಕೆಳಗೆ ಹಾಲು ಯಾವಾಗಲೂ ಎರಡು ದಿನದ್ದೆಂಬಂತೆ ಕಾಣುತ್ತಿತ್ತು. ಗಂಡ ಬೈದುಕೊಂಡೇ ಕುಡಿಯುತ್ತಿದ್ದ.

ಎರಡು ವರ್ಷಕ್ಕೆ ಟೀಚರಮ್ಮನ ಎರಡನೆಯ ಮಗಳ ಮದುವೆ ಬಂತು. ಈ ಸಲ ಅವರು ನನ್ನ ಕಟ್ಟೆಯ ಮೇಲೆ ಕೂತು, ತಂಗಿಯನ್ನೂ ಅಲ್ಲಿಗೇ ಕರೆಸಿ, ಬಟ್ಟೆಯ ಗಂಟು ಬಿಚ್ಚಿ ಇಬ್ಬರಿಗೂ ಹಂಚಿದರು. ಧಾರೆಯ ಸೀರೆಯನ್ನು ನನ್ನ ಮಡಿಲಿಗೆ ಹಾಕಿದರು. ಅದಕ್ಕಿಂತ ದೊಡ್ಡ ಮರ್ಯಾದೆ ಇನ್ನೇನಿತ್ತು? ಅವರು ಹೋದ ಮೇಲೆ ತಂಗಿ ತನ್ನ ಪಾಲಿನ ಬಟ್ಟೆ ಎತ್ತಿಕೊಂಡು ಮಗುವನ್ನು ಸೊಂಟಕ್ಕೇರಿಸಿ ಓಣಿಗೆ ತಿರುಗಿದಳು. ಆಗ ನಾನು ಯಾರಿಗೆ ಎಷ್ಟು ಕುಪ್ಪಸ ಎಂದು ಎಣಿಸಿದೆ. ನನಗೆ ನಾಲ್ಕು. ಅವಳಿಗೆ ಐದು. ಮತ್ತೊಮ್ಮೆ ಎಣಿಸಿದೆ.